ಕೌದಿಯಿಂದ ಇಳಿದ ಮಾವ

ಮಾವನವರ ಮೀಸೆಯ ಮೇಲೆ ಅರ್ಧ ಲೋಟ ಚಹಾ ಚೆಲ್ಲಿದಾಗ ಪುಣ್ಯಕ್ಕೆ ಮಾವನವರು ಅಲ್ಲಿರಲಿಲ್ಲ. ಇದ್ದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು, ಮೆತ್ತಗಣ್ಣನೂ ಅಲ್ಲಿಗೇ ಮುಗಿಯುತ್ತಿದ್ದ.

ಚಹಾ ಬಿದ್ದದ್ದು ಮಾವನವರ ಫೋಟೋದ ಮೇಲೆ. ಫೋಟೋ ಇದ್ದದ್ದು ಗೋಡೆಯ ಮೇಲಲ್ಲ, ಕೌದಿಯ ನಟ್ಟನಡುವೆ. ಬೆಳಕು ಹರಿಯುವ ಮುಂಚೆಯೇ ಹೆಂಡತಿ ಮತ್ತು ಹೆಂಡತಿಯ ಅಕ್ಕ ಸೇರಿ ಮಾವನವರನ್ನು ಪಿತ್ತಕೋಶದ ಕಲ್ಲಿನ ಆಪರೇಷನ್ನಿಗೆಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಮೆತ್ತಗಣ್ಣನಿಗೆ ಬಿಟ್ಟುಹೋದ ಕೆಲಸ ಒಂದೇ. ಮಾವನವರು ರಾತ್ರಿ ಹೊದ್ದು ಮಲಗಿದ್ದ ಕೌದಿಯನ್ನು ಮಡಚಿ ಮಧ್ಯಾಹ್ನದೊಳಗೆ ಆಸ್ಪತ್ರೆಗೆ ತಲುಪಿಸುವುದು.

ಅವನು ಮಡಚಲು ನಿಂತ. ಕೌದಿಯ ಮೇಲಿನ ಮಾವ ಅವನನ್ನೇ ನೋಡುತ್ತಿದ್ದರು. ಎಡಕ್ಕೆ ಸರಿದ. ಮಾವನ ಕಣ್ಣೂ ಎಡಕ್ಕೆ ಬಂತು. ಬಲಕ್ಕೆ ಸರಿದ. ಕಣ್ಣೂ ಬಲಕ್ಕೆ. ಇವರು ನೋಡುತ್ತಿರುವಾಗ ಇವರನ್ನೇ ಮಡಚುವುದು ತನ್ನಿಂದಾಗದ ಕೆಲಸ ಎನ್ನಿಸಿ ಕೌದಿಯನ್ನು ಬೋರಲು ಹಾಕೋಣವೆಂದು ಎಳೆದ. ಕಿಟಕಿಕಟ್ಟೆಯ ಮೇಲಿಟ್ಟಿದ್ದ ಚಹಾ ಲೋಟಕ್ಕೆ ಮೊಣಕೈ ತಾಗಿತು.

ಅವನು ಲೈಬ್ರರಿಯಲ್ಲಿ ಕೆಲಸ ಮಾಡುವವನು. ಮದುವೆಗೂ ಮುಂಚಿನಿಂದ ಜನರಿಗೆ "ಶ್ಶ್" ಎಂದು ಹೇಳಿ ಹೇಳಿ ಅವನ ಗಂಟಲೇ ಆ ಅಳತೆಗೆ ಇಳಿದುಬಿಟ್ಟಿತ್ತು. ಅಂಗಡಿಯಲ್ಲಿ ಸಕ್ಕರೆ ಕೇಳಿದರೂ ಗುಟ್ಟು ಹೇಳಿದ ಹಾಗಿರುತ್ತಿತ್ತು. ಹೀಗಾಗಿ ಬೀದಿಯವರಿಗೆಲ್ಲ ಅವನು ಮೆತ್ತಗಣ್ಣ.

ಮಾವನವರು ಇದಕ್ಕೆ ಪೂರ್ತಿ ತದ್ವಿರುದ್ಧ. ನಿವೃತ್ತ ಜೈಲರ್. ಮೀಸೆ ಎಂದರೆ ಪೊರಕೆಯನ್ನು ಅಡ್ಡ ಹಿಡಿದ ಹಾಗೆ. ಅಳಿಯನನ್ನು ಬಹುವಚನದಲ್ಲೇ ಕರೆಯುತ್ತಿದ್ದರು. ಇದು ಮರ್ಯಾದೆ ಎಂದು ಮೆತ್ತಗಣ್ಣ ಮೊದಮೊದಲು ಹಿಗ್ಗಿದ್ದ. ಆಮೇಲೆ ಗೊತ್ತಾಯಿತು, ಜೈಲಿನಲ್ಲಿ ಕೈದಿಗಳನ್ನೂ ಅವರು ಹಾಗೇ ಕರೆಯುತ್ತಿದ್ದರಂತೆ, ಲಾಠಿ ಎತ್ತುವ ಮುಂಚೆ. ಅವರು ಇರುತ್ತಿದ್ದುದು ಹಿರಿಯ ಮಗಳ ಮನೆಯಲ್ಲಿ. ಆಸ್ಪತ್ರೆ ಹತ್ತಿರವೆಂದು ನಿನ್ನೆ ಒಂದು ರಾತ್ರಿ ಮಾತ್ರ ಇಲ್ಲಿ ಮಲಗಿದ್ದರು. ಆ ಒಂದು ರಾತ್ರಿ ಮೆತ್ತಗಣ್ಣ ತನ್ನ ಮನೆಯಲ್ಲೇ ಕೆಮ್ಮು ಬಂದರೆ ಹಿತ್ತಿಲಿಗೆ ಹೋಗಿ ಕೆಮ್ಮಿ ಬಂದಿದ್ದ.

ಕೌದಿ ಅತ್ತಿಗೆಯ ಕೈಕೆಲಸ. ಅತ್ತಿಗೆ ಎಂದರೆ ಹೆಂಡತಿಯ ಅಕ್ಕ. ಹೊಲಿಗೆ ಕ್ಲಾಸ್ ನಡೆಸುವವಳು. ಅದೊಂದು ಬಗೆಯ ಕಾಗದ ಬರುತ್ತದೆ. ಅದರ ಮೇಲೆ ಫೋಟೋ ಅಚ್ಚು ಹಾಕಿ, ಬಟ್ಟೆಯ ಮೇಲೆ ಬೋರಲು ಇಟ್ಟು, ಕಾದ ಇಸ್ತ್ರಿ ಒತ್ತಿ ಕಾಗದ ಸುಲಿದರೆ ಮುಖ ಬಟ್ಟೆಗೆ ಅಂಟಿಕೊಳ್ಳುತ್ತದೆ. ಹಾಗೆ ಅಂಟಿಸಿದ ಚೌಕಗಳನ್ನು ಜೋಡಿಸಿ ಇಡೀ ಕುಟುಂಬವನ್ನೇ ಅವಳು ಕೌದಿಗೆ ಹೊಲಿದಿದ್ದಳು. ನಡುವೆ ಅಪ್ಪ, ಸುತ್ತ ಮಕ್ಕಳು ಮೊಮ್ಮಕ್ಕಳು. ಕಾಲ್ದೆಸೆಯ ಮೂಲೆಯಲ್ಲಿ ಮೆತ್ತಗಣ್ಣನೂ ಇದ್ದ. ಚೌಕ ಸಾಲದೆ ಅವನ ಒಂದು ಕಿವಿ ಮತ್ತು ಕನ್ನಡಕದ ಅರ್ಧ ಮಾತ್ರ ಬಂದಿತ್ತು.

ಕೌದಿ ಕೊಟ್ಟ ದಿನವೇ ಅತ್ತಿಗೆ ಎಲ್ಲರಿಗೂ ತಾಕೀತು ಮಾಡಿದ್ದಳು. ತೊಳೆಯಲೇಬೇಕಾದರೆ ತಣ್ಣೀರಿನಲ್ಲಿ, ಒಳಮೈ ಹೊರಗೆ ಮಾಡಿ. ಹಿಂಡಬಾರದು. ಮುಖಗಳ ಮೇಲೆ ಇಸ್ತ್ರಿ ತಾಗಿಸಲೇಬಾರದು. "ಅಪ್ಪನ ಒಂದು ಕೂದಲು ಕೊಂಕಿದ್ರೂ ನನಗೆ ಗೊತ್ತಾಗತ್ತೆ" ಎಂದು ಹೇಳುವಾಗ ಯಾಕೋ ಅವಳು ಮೆತ್ತಗಣ್ಣನನ್ನೇ ನೋಡಿದ್ದಳು.

ಈಗ ಚಹಾ ಮೀಸೆಯಿಂದ ಇಳಿದು ಗದ್ದದ ಕಡೆಗೆ ಹರಿಯುತ್ತಿತ್ತು. ಅವನು ಒದ್ದೆ ಬಟ್ಟೆ ತಂದು ಒರೆಸಿದ. ಕಲೆ ಹೋಗಲಿಲ್ಲ, ಅಗಲವಾಯಿತು. ಮಾವನಿಗೆ ಗಡ್ಡ ಬಂದ ಹಾಗಾಯಿತು.

"ಏನ್ರೀ ಅದು? ಬೆಳಿಗ್ಗೆ ಬೆಳಿಗ್ಗೆ ಯಾರ ಮುಖ ಒರೆಸ್ತಾ ಇದ್ದೀರಿ?"

ಎದುರು ಮನೆಯ ಟೀಚರಮ್ಮ ಕಿಟಕಿಯಲ್ಲಿ ಕಾಣಿಸಿಕೊಂಡಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದವರು. ಕೆಲಸ ಬಿಟ್ಟ ಮೇಲೆ ಬೀದಿಗೆಲ್ಲ ಹೇಳುತ್ತಿದ್ದರು. ಮೆತ್ತಗಣ್ಣ ಉತ್ತರ ಹುಡುಕುವಷ್ಟರಲ್ಲಿ ಅವರು ಒಳಗೇ ಬಂದಾಗಿತ್ತು.

"ಚಹಾದ ಕಲೆನಾ? ಇದಕ್ಕೆ ಕುದಿಯೋ ನೀರೇ ಆಗಬೇಕು."

"ಅತ್ತಿಗೆ ತಣ್ಣೀರು ಅಂದಿದ್ರು..."

"ನಿಮ್ಮ ಅತ್ತಿಗೆ ಏನು ಹೇಳಿಕೊಡ್ತಾರೆ?"

"ಹೊಲಿಗೆ."

"ನಾನೇನು ಹೇಳಿಕೊಡ್ತಿದ್ದೆ?"

"ವಿಜ್ಞಾನ."

"ಮತ್ತೆ?"

ಬಚ್ಚಲಿನಲ್ಲಿ ಕುದಿಯುವ ನೀರಿನ ಬಕೆಟ್ಟಿಗೆ ಕೌದಿ ಇಳಿಯಿತು. ಇಳಿದದ್ದೇ ನೀರೆಲ್ಲ ಕುಡಿದು ಕೊಬ್ಬಿದ ಎಮ್ಮೆಯ ಹಾಗೆ ಉಬ್ಬಿ, ಎತ್ತಲು ಹೋದರೆ ಅವನನ್ನೇ ಒಳಗೆ ಎಳೆಯತೊಡಗಿತು. ಒಂದು ತುದಿ ಟೀಚರಮ್ಮ, ಇನ್ನೊಂದು ತುದಿ ಅವನು ಹಿಡಿದು "ನಿಮ್ಮ ಕಡೆ", "ಅಯ್ಯೋ ನನ್ನ ಕಾಲು" ಎಂದು ಎಳೆದಾಡುವ ಸದ್ದಿಗೆ ಪಕ್ಕದ ಮನೆಯ ಮೆಕ್ಯಾನಿಕ್ ಓಡಿ ಬಂದ. ಫ್ಯಾನು, ಮಿಕ್ಸಿ, ವಾಷಿಂಗ್ ಮೆಷಿನ್ ರಿಪೇರಿ ಮಾಡುವವನು. ಮೆಷಿನ್ನಿಗೆ ಹಾಕಿದರೆ ಸರಿಹೋಗದ ಕಷ್ಟ ಲೋಕದಲ್ಲಿಲ್ಲ ಎಂದು ನಂಬಿದವನು.

"ಬಕೆಟ್ಟಲ್ಲಿ ಕೌದಿ ಒಗೀತಾರಾ ಸಾರ್? ಯಾವ ಕಾಲದಲ್ಲಿದ್ದೀರಿ? ನಮ್ಮನೇಲಿ ಒಂದು ಮೆಷಿನ್ ಈಗ ತಾನೇ ರೆಡಿ ಆಗಿದೆ. ನಾನೂ ಹೇಗೆ ಟೆಸ್ಟ್ ಮಾಡೋದು ಅಂತಿದ್ದೆ."

"ಟೆಸ್ಟ್ ಅಂದ್ರೆ..." ಎಂದು ಮೆತ್ತಗಣ್ಣ ಶುರು ಮಾಡಿದ. ಅವನ ದನಿ ಬಚ್ಚಲಿನ ಬಾಗಿಲನ್ನೂ ದಾಟಲಿಲ್ಲ. ಕೌದಿ ಆಗಲೇ ದಾಟಿತ್ತು.

ಮೆಷಿನ್ನಿಗೆ ಗಾಜಿನ ದುಂಡು ಬಾಗಿಲಿತ್ತು. ಮೆಕ್ಯಾನಿಕ್ ಗುಂಡಿ ಒತ್ತಿದ. ಒಳಗೆ ನೊರೆ ಏರಿತು, ಕೌದಿ ತಿರುಗತೊಡಗಿತು. ಮೆತ್ತಗಣ್ಣ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಹೆಂಡತಿಯ ಮುಖ ಬಂತು, ಹೋಯಿತು. ಅತ್ತಿಗೆ ಬಂದಳು, ಹೋದಳು. ಆಮೇಲೆ ನೊರೆಯ ನಡುವಿನಿಂದ ಮಾವನವರು ಮೇಲೆ ಬಂದು, ಗಾಜಿಗೆ ಮುಖ ಒತ್ತಿ, ಅಳಿಯನನ್ನು ಒಂದು ಗಳಿಗೆ ನೆಟ್ಟ ನೋಟದಲ್ಲಿ ನೋಡಿ, ಮತ್ತೆ ಮುಳುಗಿದರು. ಮುಂದಿನ ಸುತ್ತಿನಲ್ಲಿ ಬಂದಾಗ ಬಾಯಿ ತೆರೆದ ಹಾಗಿತ್ತು.

"ತೆಗೀರಿ... ಬಾಗಿಲು ತೆಗೀರಿ..." ಎಂದು ಪಿಸುಗುಟ್ಟಿದ.

"ಮುಗಿಯೋ ತನಕ ತೆಗೆಯಕ್ಕಾಗಲ್ಲ ಸಾರ್. ಲಾಕ್ ಆಗಿದೆ."

ಬದುಕಿಡೀ ಊರ ಕಳ್ಳರಿಗೆಲ್ಲ ಬೀಗ ಹಾಕಿದ ಮನುಷ್ಯನಿಗೆ ತಾನು ಬೀಗ ಹಾಕಿ, ನೀರಿನಲ್ಲಿ ಅದ್ದಿ ಅದ್ದಿ ತೆಗೆಯುತ್ತಿದ್ದೇನೆ ಎನ್ನಿಸಿ ಮೆತ್ತಗಣ್ಣ ಗಾಜಿಗೆ ಕೈಮುಗಿದ. ಕೊನೆಗೆ ಹಿಂಡುವ ಸುತ್ತು ಬಂತು. ಮೆಷಿನ್ ನಿಂತಲ್ಲೇ ಕುಣಿಯುತ್ತ ಕೋಣೆಯ ಅರ್ಧದವರೆಗೆ ನಡೆದು ಬಂದು ನಿಂತಿತು.

ಕಲೆ ಪೂರ್ತಿ ಹೋಗಿತ್ತು. ಟೀಚರಮ್ಮ "ನೋಡಿದ್ರಾ!" ಎಂದರು. ಮೆಕ್ಯಾನಿಕ್ "ನೋಡಿದ್ರಾ!" ಎಂದ. ಮೆತ್ತಗಣ್ಣ ನೋಡಿದ. ಅತ್ತಿಗೆಯ ಮುಖ ಬತ್ತಿದ ಕೆರೆಯ ಹಾಗೆ ಬಿರುಕು ಬಿಟ್ಟಿತ್ತು. ಮಾವನವರ ಮೀಸೆಯ ಎಡತುದಿ ಬಟ್ಟೆಯಿಂದ ಎದ್ದು ಒಣಗಿದ ಎಲೆಯ ಹಾಗೆ ಸುರುಳಿಯಾಗಿತ್ತು. ಊದಿದರೆ ಅಲ್ಲಾಡುತ್ತಿತ್ತು.

ಟೀಚರಮ್ಮ ಕನ್ನಡಕ ಏರಿಸಿಕೊಂಡರು. "ಇವತ್ತೇ ಅಲ್ವಾ ಅವರ ಆಪರೇಷನ್ನು?"

"ಹೌದು."

"ಇಷ್ಟು ಜನದಲ್ಲಿ ಅವರದ್ದೇ ಏಳಬೇಕಾ... ಹೋಗ್ಲಿ ಬಿಡಿ. ನಾನೇನೂ ಹೇಳಲ್ಲ."

"ಹೇಳಿ ಟೀಚರಮ್ಮ."

"ನಾನು ವಿಜ್ಞಾನದವಳು. ಇಂಥದ್ದನ್ನೆಲ್ಲ ನಂಬಲ್ಲ." ಸ್ವಲ್ಪ ತಡೆದು, "ಆದ್ರೂ," ಎಂದರು.

ಆ "ಆದ್ರೂ" ಮೆತ್ತಗಣ್ಣನ ತಲೆಯೊಳಗೆ ಹೋಗಿ ಕೂತಿತು. ಡಾಕ್ಟರು ಅಲ್ಲಿ ಮಾವನ ಹೊಟ್ಟೆ ಕೊಯ್ಯುವ ಹೊತ್ತಿಗೆ ತಾನಿಲ್ಲಿ ಮಾವನ ಮುಖ ಸುಲಿಯುತ್ತಿದ್ದೇನೆ. ಎರಡಕ್ಕೂ ಸಂಬಂಧವಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಅಷ್ಟು ಮೆತ್ತಗೆ ಹೇಳಿಕೊಂಡದ್ದರಿಂದ ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

"ಹೆದರಬೇಡಿ ಸಾರ್," ಎಂದ ಮೆಕ್ಯಾನಿಕ್. "ಇದನ್ನ ಅಂಟಿಸಿದ್ದು ಯಾವುದು? ಇಸ್ತ್ರಿ. ಹಾಗಾದ್ರೆ ಮತ್ತೆ ಅಂಟಿಸೋದೂ ಇಸ್ತ್ರಿನೇ. ಒದ್ದೆನೂ ಆರತ್ತೆ, ಮೀಸೇನೂ ಕೂರತ್ತೆ."

"ಮುಖದ ಮೇಲೆ ಇಸ್ತ್ರಿ ತಾಗಬಾರದು ಅಂತ ಅತ್ತಿಗೆ..."

"ನಡುವೆ ಒಂದು ಪೇಪರ್ ಹಾಕಬೇಕು," ಎಂದರು ಟೀಚರಮ್ಮ.

"ಪೇಪರ್ ಹಾಕಿದ್ರೆ ಶಾಖ ಹೇಗಮ್ಮ ಹೋಗತ್ತೆ?"

"ಶಾಖದ ವಿಷಯ ನನಗೆ ಹೇಳ್ಬೇಡಿ!"

ಶಾಖದ ವಿಷಯದಲ್ಲಿ ಇಬ್ಬರೂ ಕಾದರು. ಇಸ್ತ್ರಿಪೆಟ್ಟಿಗೆಯೂ ಕಾಯಿತು. ಮೆತ್ತಗಣ್ಣನ ಮನೆಯ ಊಟದ ಮೇಜಿನ ಮೇಲೆ ಕೌದಿ ಹಾಸಿದ್ದರು. ಪಕ್ಕದಲ್ಲೇ ಆಸ್ಪತ್ರೆಗೆ ಹಾಕಿಕೊಂಡು ಹೋಗಲೆಂದು ಅವನು ಬೆಳಿಗ್ಗೆಯೇ ಬೋರಲು ಹರಡಿಟ್ಟ ಬಿಳಿ ಅಂಗಿ. ಮೊದಲು ಉಳಿದ ಮೂಲೆಗಳನ್ನೆಲ್ಲ ಒಳಮೈಯಿಂದ ಒತ್ತಿ ಒಣಗಿಸಿದರು. ಆಮೇಲೆ ಮೆಕ್ಯಾನಿಕ್ ಕೌದಿ ತಿರುಗಿಸಿ, ಪೇಪರೂ ಇಲ್ಲದೆ ಗೀಪರೂ ಇಲ್ಲದೆ, ಮಾವನವರ ಮುಖದ ಮೇಲೆ ಇಸ್ತ್ರಿಯನ್ನು ಸರಿಯಾಗಿ ಕೂರಿಸಿ ಮೈಭಾರವನ್ನೆಲ್ಲ ಬಿಟ್ಟ. ಚುಯ್ ಎಂದು ಹಬೆ ಎದ್ದಿತು.

ಇಸ್ತ್ರಿ ಎತ್ತಿದಾಗ ಅಲ್ಲಿ ಮಾವನವರು ಇರಲಿಲ್ಲ.

ಮೀಸೆ ಇಲ್ಲ, ಕಣ್ಣಿಲ್ಲ, ಮೂಗಿಲ್ಲ. ಮುಖ ಇದ್ದಲ್ಲಿ ತೊಳೆದಿಟ್ಟ ತಟ್ಟೆಯಂಥ ಬಿಳಿ ಬಟ್ಟೆ. ಎರಡು ಕಿವಿಗಳು ಮಾತ್ರ ಆಚೆಗೊಂದು ಈಚೆಗೊಂದು ಉಳಿದುಕೊಂಡಿದ್ದವು.

"ಎಲ್ಲಿ ಹೋದ್ರು?" ಎಂದ ಮೆಕ್ಯಾನಿಕ್. ಇಸ್ತ್ರಿಯನ್ನು ಮೆತ್ತಗಣ್ಣನ ಕೈಗೆ ತುರುಕಿ, ಕೌದಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಟೀಚರಮ್ಮ ಹಿಂಬದಿ ನೋಡಿದರು, ಮೇಜಿನ ಕೆಳಗೂ ನೋಡಿದರು.

ಆಗ ಫೋನ್ ಬಡಿದುಕೊಂಡಿತು. ಮೆತ್ತಗಣ್ಣ ಕೈಯಲ್ಲಿದ್ದ ಇಸ್ತ್ರಿಯನ್ನು ಎಲ್ಲಿಡುತ್ತಿದ್ದೇನೆ ಎಂದು ನೋಡದೆ ಮೇಜಿನ ಮೇಲಿಟ್ಟು ಫೋನ್ ತೆಗೆದುಕೊಂಡ. ಹೆಂಡತಿ.

"ರೀ, ಅಪ್ಪನ್ನ ಕರ್ಕೊಂಡು ಹೋದ್ರು..." ಎಂದಳು. ಅಷ್ಟಕ್ಕೆ ಲೈನ್ ಕಡಿಯಿತು.

ಅವನು ಕುರ್ಚಿಯ ಮೇಲೆ ಕುಸಿದ. "ಕರ್ಕೊಂಡು ಹೋದ್ರಂತೆ," ಎಂದ.

"ಯಾರು?" ಎಂದರು ಟೀಚರಮ್ಮ.

"ಹೇಳಲಿಲ್ಲ."

ಏನೋ ಸುಟ್ಟ ವಾಸನೆ ಬಂದಾಗ ಮೆಕ್ಯಾನಿಕ್ ಎದ್ದು ಹೋಗಿ ಇಸ್ತ್ರಿಯನ್ನು ಅಂಗಿಯ ಮೇಲಿನಿಂದ ಎತ್ತಿ ಪ್ಲಗ್ ಕಿತ್ತ. ಅವನ ಕಣ್ಣು ಮಾತ್ರ ಕೌದಿಯ ಬಿಳಿ ಜಾಗದ ಮೇಲೇ ಇತ್ತು. ಮೂವರಲ್ಲಿ ಒಬ್ಬರಾದರೂ ಆಗ ಅಂಗಿಯ ಬೆನ್ನಿನ ಕಡೆ ನೋಡಿದ್ದರೆ ಮಾವನವರು ಎಲ್ಲಿ ಹೋದರು ಎಂಬುದು ತಿಳಿಯುತ್ತಿತ್ತು. ಇಸ್ತ್ರಿಗೆ ಅಂಟಿಕೊಂಡು ಹೋದವರು ಅಂಗಿಯ ಮೇಲೆ ಮೀಸೆಸಮೇತ ಕ್ಷೇಮವಾಗಿ ಇಳಿದಿದ್ದರು. ಅವರನ್ನು ಯಾರೂ ನೋಡಲಿಲ್ಲ. ಮೆತ್ತಗಣ್ಣ ಅಂಗಿ ಎಳೆದು ತೊಟ್ಟುಕೊಂಡ. ಟೀಚರಮ್ಮ ಬಿಳಿ ಜಾಗ ಒಳಗಾಗುವಂತೆ ಕೌದಿ ಮಡಚಿ, ಬಟ್ಟೆ ಸುತ್ತಿ, ಗಂಟು ಕಟ್ಟಿದರು. ಅವನು ಗಂಟನ್ನು ಬೆನ್ನ ಮೇಲೆ ಹೊತ್ತುಕೊಂಡು ಹೊರಟ.

"ಧೈರ್ಯವಾಗಿರಿ," ಎಂದರು ಟೀಚರಮ್ಮ ಬಾಗಿಲಲ್ಲಿ ನಿಂತು. "ಏನೂ ಆಗಿರಲ್ಲ. ಆದ್ರೂ."

ಗಂಟೆಗಟ್ಟಲೆ ಕಾದು ಹತ್ತಿದ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಅವನು ಗಂಟನ್ನು ಎದೆಗೆ ಅವುಚಿಕೊಂಡು ಕಂಬಕ್ಕೆ ಒರಗಿ ನಿಂತ. ಅವನ ಬೆನ್ನ ಹಿಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೊಂದು ಪುಟ್ಟ ಹುಡುಗಿ ಕೂತಿತ್ತು. ಬಸ್ಸು ಸ್ವಲ್ಪ ದೂರ ಹೋಗಿತ್ತಷ್ಟೆ.

"ಅಮ್ಮಾ, ಆ ತಾತ ನನ್ನನ್ನೇ ನೋಡ್ತಿದೆ."

"ಸುಮ್ನಿರು ಚಿನ್ನ. ತಾತ ಏನೂ ಮಾಡಲ್ಲ."

"ಮೀಸೆ ಇದೆ. ಸಿಟ್ಟು ಮಾಡ್ಕೊಂಡಿದೆ."

ಮೆತ್ತಗಣ್ಣ ಮೆಲ್ಲನೆ ತಿರುಗಿ ನೋಡಿದ. ಮಗು, ತಾಯಿ, ಅವರ ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದ ಹೆಂಗಸು. ತಾತ ಎಂಬುವವರು ಯಾರೂ ಇರಲಿಲ್ಲ.

"ಈಗ ಹೋಯ್ತು ತಾತ," ಎಂದಿತು ಮಗು.

ಅವನು ಮತ್ತೆ ಮುಂದಕ್ಕೆ ತಿರುಗಿದ.

"ಮತ್ತೆ ಬಂತು!"

ಅವನು ಗಂಟನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡ. ನೋಡಿದರೆ ಇಲ್ಲ, ನೋಡದಿದ್ದರೆ ಇದ್ದಾರೆ. ಮೀಸೆ, ಸಿಟ್ಟು. ಇನ್ಯಾರಿರಲು ಸಾಧ್ಯ? ಕೌದಿಯಿಂದ ಎದ್ದು ಹೋದವರು, ಆಸ್ಪತ್ರೆಯಿಂದಲೂ ಎದ್ದು ಬಂದಿದ್ದಾರೆ. ನೇರವಾಗಿ ತನ್ನ ಬೆನ್ನಿಗೆ ಬಿದ್ದಿದ್ದಾರೆ.

"ಟಿಕೆಟ್, ಟಿಕೆಟ್!" ಹಿಂದಿನಿಂದ ಬಂದ ಕಂಡಕ್ಟರ್ ಅವನ ಬೆನ್ನು ನೋಡಿ ನಕ್ಕ. "ಏನ್ ಸಾರ್, ಒಂದು ಕೊಡ್ಲೋ, ಹಿಂದಿರೋ ಯಜಮಾನ್ರದ್ದೂ ಸೇರಿಸಿ ಎರಡು ಕೊಡ್ಲೋ?"

"ನಿಮಗೂ ಕಾಣಿಸ್ತಿದ್ದಾರಾ?"

"ಕಾಣಿಸದೆ ಏನು? ಇಷ್ಟು ದಪ್ಪ ಮೀಸೆ!"

"ಎರಡು ಕೊಡಿ," ಎಂದ ಮೆತ್ತಗಣ್ಣ. ಮಾವನವರನ್ನು ಟಿಕೆಟ್ ಇಲ್ಲದೆ ಕರೆದುಕೊಂಡು ಹೋದ ಎಂಬ ಮಾತು ಬೇರೆ ಬರುವುದು ಬೇಡ. ಕಂಡಕ್ಟರ್ ನಗು ನಿಲ್ಲಿಸಿ, ಅವನ ಮುಖವನ್ನು ಒಮ್ಮೆ ನೋಡಿ, ಎರಡು ಟಿಕೆಟ್ ಹರಿದು ಕೊಟ್ಟು ಬೇಗಬೇಗನೆ ಮುಂದೆ ಹೋದ.

ಬಸ್ಸಿಳಿದು ಆಸ್ಪತ್ರೆಯ ಬೀದಿಯಲ್ಲಿ ನಡೆಯುವಾಗ ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ. ಹಿಂದಿನಿಂದ ಬಂದ ಸೈಕಲ್ಲಿನವರು ಅವನನ್ನು ದಾಟಿದ ಮೇಲೆ ತಿರುಗಿ ತಿರುಗಿ ನೋಡುತ್ತಿದ್ದರು. ಹಣ್ಣಿನಂಗಡಿಯವಳು ಬಾಯಿಗೆ ಸೆರಗು ಮುಚ್ಚಿಕೊಂಡಳು. ಪ್ರತಿಯೊಬ್ಬರಿಗೂ ಕಾಣಿಸುತ್ತಿದ್ದಾರೆ, ತನಗೊಬ್ಬನಿಗೇ ಇಲ್ಲ!

"ಮಾವ," ಎಂದ ತಲೆ ಬಗ್ಗಿಸಿ, ತುಟಿ ಅಲ್ಲಾಡಿಸದೆ. "ಬೇಕು ಅಂತ ಮಾಡ್ಲಿಲ್ಲ ಮಾವ. ಚಹಾ ಬಿತ್ತು. ಬಿಸಿನೀರು ಟೀಚರಮ್ಮಂದು. ಮೆಷಿನ್ನು ಮೆಕ್ಯಾನಿಕ್‌ದು. ನೀವು ಅವರ ಮನೆಗೂ ಒಂದ್ಸಲ ಹೋಗಿ ಬರಬಹುದಿತ್ತು."

ಹಿಂದಿನಿಂದ ಉತ್ತರ ಬರಲಿಲ್ಲ. ಮಾವನವರು ಬದುಕಿದ್ದಾಗಲೂ ಅಳಿಯನ ಮಾತಿಗೆ ಉತ್ತರ ಕೊಡುತ್ತಿರಲಿಲ್ಲವಾದ್ದರಿಂದ ಇದು ಸಮಾಧಾನದ ವಿಷಯವೇನೂ ಆಗಿರಲಿಲ್ಲ.

ಆಸ್ಪತ್ರೆಯ ಗೇಟಿನಲ್ಲಿ ಕಾವಲಿನವನು ಅವನನ್ನು ಒಳಗೆ ಬಿಟ್ಟು, ಎರಡು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ಕೂಗಿದ.

"ಅರೆ! ಇವರು ಬೆಳಿಗ್ಗೆ ನನಗೆ ಅಂಗಿ ಗುಂಡಿ ಹಾಕ್ಕೋ ಅಂತ ಬೈದು ಒಳಗೆ ಹೋದ ಜೈಲರ್ ಸಾಹೇಬ್ರಲ್ವಾ? ಇವರು ಯಾವಾಗ ಹೊರಗೆ ಬಂದ್ರು?"

ಇನ್ನು ಸಂಶಯ ಉಳಿಯಲಿಲ್ಲ. ಗುರುತು ಹಿಡಿದ ಸಾಕ್ಷಿಯೇ ಹೇಳಿದ ಮೇಲೆ ಮುಗಿಯಿತು. "ಸಾರ್, ನಿಲ್ಲಿ, ಏನಿದು ನಿಮ್ಮ..." ಎಂದು ಕಾವಲಿನವನು ಕೂಗುತ್ತಿದ್ದಂತೆ ಮೆತ್ತಗಣ್ಣ ಗಂಟನ್ನು ಅವುಚಿಕೊಂಡು ಮೆಟ್ಟಿಲೇರಿ ಓಡಿದ. ಎಷ್ಟು ಓಡಿದರೂ ಬೆನ್ನ ಹಿಂದೆ ಇದ್ದವರು ಹಿಂದೆ ಬೀಳಲಿಲ್ಲ.

ವಾರ್ಡಿನ ಮುಂದೆ ಬೆಂಚಿನ ಮೇಲೆ ಹೆಂಡತಿ ಕೂತಿದ್ದಳು. ನಿದ್ದೆಗೆಟ್ಟು ಅವಳ ಕಣ್ಣು ಕೆಂಪಾಗಿತ್ತು. ಅವನು ಅದನ್ನು ಬೇರೆಯೇ ಅರ್ಥ ಮಾಡಿಕೊಂಡ.

"ಎಷ್ಟು ಹೊತ್ತಾಯ್ತು?" ಎಂದ.

"ಯಾವುದಕ್ಕೆ?"

"ಅಪ್ಪ ಹೋಗಿ."

"ಅಪ್ಪಾನಾ? ನಾನು ಫೋನ್ ಮಾಡಿದೆನಲ್ಲ, ಆಗಲೇ ಹೋದ್ರು."

"ತುಂಬ ಕಷ್ಟಪಟ್ರಾ?"

"ಅಪ್ಪನಾ? ಕರ್ಕೊಂಡು ಹೋಗೋಕೆ ಬಂದವರು ಕಷ್ಟಪಟ್ರು. ಅವರಿಗೆ ಚೆನ್ನಾಗಿ ಬೈದು, ನನ್ನನ್ನ ಎತ್ಕೊಂಡು ಹೋಗೋದೇನು ಬೇಡ ಅಂತ ತಾವೇ ನಡ್ಕೊಂಡು ಹೋದ್ರು."

ಮೆತ್ತಗಣ್ಣನಿಗೆ ಕಣ್ಣೀರು ಬಂತು. ಯಮನ ಕಡೆಯವರಿಗೂ ಬೈದಿದ್ದಾರೆ ಎಂದರೆ ಮಾವ ಮಾವನೇ. "ಈಗ?"

"ಒಳಗೆ ಮಲಗಿಸಿದ್ದಾರೆ. ಬನ್ನಿ, ಅಕ್ಕ ಕೌದಿಗೆ ಕಾಯ್ತಿದ್ದಾಳೆ."

ಮಾವನವರು ಗದ್ದದವರೆಗೂ ಬಿಳಿ ಹೊದಿಕೆ ಹೊದ್ದು, ಕಣ್ಣು ಮುಚ್ಚಿ, ಅಲ್ಲಾಡದೆ ಮಲಗಿದ್ದರು. ಅತ್ತಿಗೆ ಮಾತಿಲ್ಲದೆ ಬಂದು ಗಂಟು ತೆಗೆದುಕೊಂಡಳು, ಬಿಚ್ಚಿದಳು, ಕೌದಿಯನ್ನು ಅಪ್ಪನ ಕಾಲ ಮೇಲೆ ಹರಡಿ ಮೇಲಕ್ಕೆ ಎಳೆಯುತ್ತ ಬಂದಳು. ಮೆತ್ತಗಣ್ಣ ಗೋಡೆ ಹಿಡಿದುಕೊಂಡ. ಬಿರುಕು ಬಿಟ್ಟ ತನ್ನ ಮುಖ ಕಂಡು ಅತ್ತಿಗೆಯ ಕೈ ಸ್ವಲ್ಪ ತಡೆಯಿತು. ಇನ್ನೊಂದು ಮಡಿಕೆ ಬಿಚ್ಚಿದಳು. ಬಿಳಿ ಜಾಗ. ಎರಡು ಕಿವಿ.

"ಅಪ್ಪ ಎಲ್ಲಿ?" ಎಂದಳು ಅತ್ತಿಗೆ.

"ಇಲ್ಲೇ, ನನ್ನ ಹಿಂದೆ ಇದ್ದಾರೆ ಅತ್ತಿಗೆ. ಮನೆಯಿಂದ ಜೊತೆಗೇ ಬಂದ್ರು."

"ಏನು?"

"ನನಗೆ ಕಾಣಿಸಲ್ಲ. ಬೇರೆಯವರಿಗೆಲ್ಲ ಕಾಣಿಸ್ತಿದ್ದಾರೆ."

ಅತ್ತಿಗೆ ಅವನ ಭುಜ ಹಿಡಿದು ಗಿರಕ್ಕನೆ ತಿರುಗಿಸಿದಳು. ಹಿಂದಿನಿಂದ ಹೆಂಡತಿಯ ಪಿಸುದನಿ ಕೇಳಿ ಬಂತು.

"ರೀ... ನಿಮ್ಮ ಬೆನ್ನ ಮೇಲೆ ಅಪ್ಪ ಇದ್ದಾರೆ."

"ಗೊತ್ತು ಕಣೆ," ಎಂದ ಅವನು ಅಳುವ ದನಿಯಲ್ಲಿ. "ಬಸ್ಸಿನಿಂದಲೇ ಇದ್ದಾರೆ."

"ಅಯ್ಯೋ, ಅಂಗಿ ಮೇಲೆ ರೀ! ಫೋಟೋ! ಇಸ್ತ್ರಿ ಏನಾದ್ರೂ ಇಟ್ರಾ?"

ಆಗ ಎಲ್ಲವೂ ಅವನಿಗೆ ಒಟ್ಟಿಗೆ ಹೊಳೆಯಿತು. ಮಗು, ಕಂಡಕ್ಟರ್, ಕಾವಲಿನವನು, ಮೇಜಿನ ಮೇಲಿಟ್ಟ ಇಸ್ತ್ರಿ. ದೆವ್ವವಲ್ಲ! "ಹಾಗಾದ್ರೆ ಅಪ್ಪ..."

"ಅಪ್ಪನಿಗೇನು? ಆಪರೇಷನ್ ಚೆನ್ನಾಗಾಯ್ತು. ಮಂಪರು ಇಳಿಯೋ ತನಕ ಮಲಗಿರ್ತಾರೆ ಅಂದಿದ್ದಾರೆ."

ಮೆತ್ತಗಣ್ಣ ಒಂದು ಉಸಿರಿನಷ್ಟು ಹೊತ್ತು ಸುಖವಾಗಿದ್ದ. ಎರಡನೇ ಉಸಿರಿಗೆ ಅರ್ಥವಾಯಿತು. ಮಾವ ಬದುಕಿದ್ದಾರೆ. ಎಂದರೆ ಏಳುತ್ತಾರೆ. ಎದ್ದರೆ ಕೌದಿ ನೋಡುತ್ತಾರೆ. ದೆವ್ವವಾಗಿದ್ದರೆ ಟಿಕೆಟ್ ತೆಗೆಸಿಕೊಂಡಾದರೂ ಸುಮ್ಮನಿರುತ್ತಿದ್ದರು.

"ಬಿಸಿನೀರು ಹಾಕಿದ್ರಾ?" ಅತ್ತಿಗೆಯ ವಿಚಾರಣೆ ಶುರುವಾಗಿತ್ತು. "ಮೆಷಿನ್ನಿಗೂ ಹಾಕಿದ್ರಾ? ಹಿಂಡಿದ್ರಾ? ಮುಖದ ಮೇಲೆ ಇಸ್ತ್ರಿನೂ..."

"ಯಾರದು?"

ಮಂಚದಿಂದ ಬಂದ ದನಿ ಒಡೆದಿತ್ತು. ಆದರೂ ಜೈಲಿನ ಗೋಡೆಗಳನ್ನು ದಾಟುವಷ್ಟು ಗಟ್ಟಿಯಾಗಿತ್ತು. ಮಾವನವರು ಕಣ್ಣು ತೆರೆದಿದ್ದರು. ಎದ್ದ ಕೂಡಲೇ ಅವರಿಗೆ ಕಂಡದ್ದು ಎದುರಿಗೆ ನಿಂತು ತಮ್ಮನ್ನೇ ದಿಟ್ಟಿಸುತ್ತಿರುವ ಮುಖ. ಅವರು ಅದನ್ನು ದಿಟ್ಟಿಸಿದರು. ಯಾರೂ ಸೋಲಲಿಲ್ಲ.

"ಅದು ನಾನಲ್ವಾ?"

"ಅಪ್ಪಾ, ಇವರು ಏನು ಮಾಡಿದ್ದಾರೆ ಗೊತ್ತಾ..." ಎಂದು ಅತ್ತಿಗೆ ಬಾಯಿ ತೆರೆದಳು. ಮಾವನವರು ಕೈ ಎತ್ತಿ ತಡೆದರು.

"ಹೊತ್ತಿರೋರು ಯಾರು?"

ಮೆತ್ತಗಣ್ಣ ನಿಂತಲ್ಲೇ ತಲೆ ಮಾತ್ರ ತಿರುಗಿಸಿದ. "ನಾನು ಮಾವ."

"ಅಳಿಯಂದ್ರಾ!" ಮಾವನವರ ಕಣ್ಣಂಚು ಒದ್ದೆಯಾಗಿತ್ತು. ಜೈಲರ್ ಕಣ್ಣಲ್ಲಿ ನೀರು ಕಂಡವರು ಆ ಕುಟುಂಬದಲ್ಲಿ ಯಾರೂ ಇರಲಿಲ್ಲ. "ನಾನು ಬದುಕ್ತೀನೋ ಸಾಯ್ತೀನೋ ಅನ್ನೋ ದಿನ ನನ್ನನ್ನ ಬೆನ್ನ ಮೇಲೆ ಹೊತ್ಕೊಂಡು ಬೀದಿ ಬೀದಿ ಬಂದ್ರಾ? ದೊಡ್ಡವಳೇ, ನೀನು ನನ್ನನ್ನ ಹೊದಿಯೋ ಹಾಗೆ ಮಾಡಿದೆ. ಇವರು ನೋಡು, ಹೊತ್ಕೊಂಡೇ ಬಂದಿದ್ದಾರೆ!"

ಅತ್ತಿಗೆಯ ಬಾಯಿ ತೆರೆದದ್ದು ತೆರೆದೇ ಇತ್ತು. ಮೆತ್ತಗಣ್ಣನ ಮೈಯಲ್ಲಿ ಬೆಳಗಿನಿಂದ ನಿಂತುಹೋಗಿದ್ದ ರಕ್ತ ಹರಿಯತೊಡಗಿತು. ಬದುಕಿದೆ ಎಂದುಕೊಂಡ.

"ನಾನು ತೀರ್ಮಾನ ಮಾಡಿಬಿಟ್ಟೆ," ಎಂದರು ಮಾವನವರು. "ಇಲ್ಲಿಂದ ನಾನು ದೊಡ್ಡವಳ ಮನೆಗೆ ಹೋಗಲ್ಲ. ಅಳಿಯಂದ್ರ ಮನೆಗೇ ಹೋಗೋದು."

"ಸುಧಾರಿಸಿಕೊಳ್ಳೋ ತನಕ..." ಎಂದ ಮೆತ್ತಗಣ್ಣ.

"ಇರೋ ತನಕ!"

ಮೆತ್ತಗಣ್ಣನ ಕಣ್ಣ ಮುಂದೆ ಹಿತ್ತಿಲು ಬಂತು. ಇನ್ನು ಕೆಮ್ಮೆಲ್ಲ ಅಲ್ಲೇ. ಉಳಿದದ್ದು ಒಂದೇ ದಾರಿ. ಅವನು ಮಂಚದ ಕಡೆಗೆ ಪೂರ್ತಿ ತಿರುಗಿ, ಹುಟ್ಟಿದ ಮೇಲೆ ಮೊದಲ ಸಲ ಗಟ್ಟಿಯಾಗಿ ಮಾತಾಡಿದ.

"ಮಾವ, ನಾನು ಹೊತ್ಕೊಂಡು ಬರಲಿಲ್ಲ! ನಿಮ್ಮ ಮೇಲೆ ಚಹಾ ಚೆಲ್ಲಿದೆ! ಬಿಸಿನೀರಲ್ಲಿ ಅದ್ದಿದೆ! ಮೆಷಿನ್ನಲ್ಲಿ ತಿರುಗಿಸಿದೆ! ಕೊನೆಗೆ ಮುಖದ ಮೇಲೆ ಇಸ್ತ್ರಿ ಹಾಕಿಸಿ ನಿಮ್ಮನ್ನ ಕಿತ್ತುಬಿಟ್ಟೆ! ಎಲ್ಲಾ ನನ್ನದೇ ತಪ್ಪು! ನನ್ನ ಮನೆಗೆ ಬರಬೇಡಿ!"

ವಾರ್ಡಿನಲ್ಲಿ ಯಾರೋ "ಶ್ಶ್" ಎಂದರು. ಮಾವನವರ ಮುಖದಲ್ಲಿ ಮೀಸೆ ನಿಧಾನವಾಗಿ ಮೇಲೇರಿತು. ಅದು ನಗು ಎಂದು ಗೊತ್ತಾಗಲು ಎಲ್ಲರಿಗೂ ಸ್ವಲ್ಪ ಹೊತ್ತು ಬೇಕಾಯಿತು.

"ನನ್ನ ಇಡೀ ಸರ್ವೀಸಿನಲ್ಲಿ," ಎಂದರು, "ಏಟು ಬೀಳೋ ಮುಂಚೆ ತಪ್ಪು ಒಪ್ಪಿಕೊಂಡ ಮನುಷ್ಯನನ್ನ ನಾನು ನೋಡಿಲ್ಲ. ಇಂಥವರು ಹೊರಗೆ ಒಬ್ಬರೇ ಇರಬಾರದು. ಜನ ಮೋಸ ಮಾಡ್ತಾರೆ. ನಾನು ಪಕ್ಕದಲ್ಲೇ ಇರಬೇಕು."

"ಮಾವ..."

"ತಿರುಗಿ ಅಳಿಯಂದ್ರೇ. ಗೋಡೆ ಕಡೆ ಮುಖ ಮಾಡಿ. ನನ್ನನ್ನ ನಾನು ಸರಿಯಾಗಿ ನೋಡಬೇಕು."

ಮೆತ್ತಗಣ್ಣ ಗೋಡೆಯ ಕಡೆ ತಿರುಗಿ ನಿಂತ. ಹೊರಗೆ ಕಾರಿಡಾರಿನಲ್ಲಿ ಅತ್ತಿಗೆ ಮನೆಗೆ ಫೋನ್ ಮಾಡುತ್ತಿದ್ದುದು ಕೇಳಿಸುತ್ತಿತ್ತು. "ಅಪ್ಪನ ಎರಡೂ ಟ್ರಂಕು, ಅಲಾರಾಂ ಗಡಿಯಾರ, ಆ ಲಾಠಿ, ಸೀಟಿ, ಎಲ್ಲಾ ಈಗಲೇ ಗಾಡಿಗೆ ಹಾಕ್ಸಿ. ಹ್ಞೂಂ, ಇವತ್ತೇ! ಮನಸ್ಸು ಬದಲಾಯಿಸೋ ಮುಂಚೆ!" ಅವಳ ದನಿಯಲ್ಲಿ ಅಷ್ಟು ಸಂತೋಷವನ್ನು ಅವನು ಯಾವ ಮದುವೆಮನೆಯಲ್ಲೂ ಕೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಗೊರಕೆ ಶುರುವಾಯಿತು. ಮೆತ್ತಗಣ್ಣ ಉಸಿರು ಬಿಗಿಹಿಡಿದು, ತುದಿಗಾಲಿನಲ್ಲಿ, ಗೋಡೆಗುಂಟ ಬಾಗಿಲ ಕಡೆಗೆ ಒಂದು ಹೆಜ್ಜೆ ಸರಿದ.

ಗೊರಕೆ ನಿಂತಿತು.

"ಎಲ್ಲಿಗೆ?" ಎಂದರು ಬೆನ್ನ ಹಿಂದಿನಿಂದ ಮಾವನವರು.